ಒಂದು ಡಿಸ್ಕು, ಎರಡು ಒಕ್ಕಲು

"ಜಾಗ ಸಾಲದು, ಹೊಸದು ತೆಗೆದುಕೊಳ್ಳಿ." ನಮ್ಮ ಹೊಸಕೋಟೆ ಪೇಟೆಯಲ್ಲಿ ಈ ಮಂತ್ರ ಬಹಳ ಅಗ್ಗವಾಗಿದೆ. ಕಳೆದ ತಿಂಗಳು ಗಿರಣಿ ಕೆಲಸದ ಮಿತ್ರರೊಬ್ಬರು ಮನೆಯ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಬಂದರು. "ಮೇಷ್ಟ್ರೇ, ಇದನ್ನು ಗುಜರಿಗೆ ಹಾಕಬೇಕಂತೆ, ನಿಜವೇ?" ಎಂದು ಕೇಳಿದರು.

ಅದು ಯಾವುದೋ ಕಛೇರಿಯಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಮಾಲು, 128 ಜಿ.ಬಿ. ಡಿಸ್ಕು. ಹಗಲು ಅವರ ತಮ್ಮ ಅದರಲ್ಲಿ ಕಿರಾಣಿ ಅಂಗಡಿಯ ಟ್ಯಾಲಿ ಲೆಕ್ಕ ಬರೆಯುತ್ತಾರೆ. ರಾತ್ರಿ ಡಿಪ್ಲೊಮಾ ಓದುವ ಮಗಳು ಕೂರುತ್ತಾಳೆ. ಮಗಳ ಪಾಠಕ್ಕೆ ಲಿನಕ್ಸ್ ಬೇಕು, ಟ್ಯಾಲಿಗೆ ವಿಂಡೋಸ್ ಬೇಕು. ರಿಪೇರಿ ಅಂಗಡಿಯವರು ಎರಡೂ ಇದರಲ್ಲಿ ಹಿಡಿಯುವುದಿಲ್ಲವೆಂದು ಹೇಳಿ, ಹೊಸ ಯಂತ್ರಕ್ಕೆ ಕಂತಿನ ಕಾಗದ ಬರೆದು, 2,000 ರೂಪಾಯಿ ಮುಂಗಡವನ್ನೂ ಪಡೆದಿದ್ದರು!

ಹಿಡಿಯುವುದಿಲ್ಲವೆಂಬುದು ಸುಳ್ಳು. ಆದರೆ ಈ ಸುಳ್ಳಿಗೆ ಮೂಲ ಆ ಅಂಗಡಿಯಲ್ಲ, ಇನ್ನೂ ಮೇಲಿದೆ. 2021ರಲ್ಲಿ ಬಂದ ವಿಂಡೋಸ್ 11, ಕನಿಷ್ಠ 64 ಜಿ.ಬಿ. ಜಾಗ ಮತ್ತು ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪು ಬೇಕೆಂದು ಷರತ್ತು ಹಾಕಿತು. 2017ರ ಹಿಂದಿನ ಬಹುಪಾಲು ಇಂಟೆಲ್ ಪ್ರೊಸೆಸರುಗಳು ಅದರ ಪಟ್ಟಿಯಲ್ಲೇ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲವನ್ನೂ ನಿಲ್ಲಿಸಿದರು. ಹೆಸರು ಬರೆಸಿಕೊಂಡವರಿಗೆ ಒಂದು ವರ್ಷದ ಗಡುವು ಕೊಟ್ಟರು. ಯಂತ್ರ ಕೆಟ್ಟಿಲ್ಲ, ಕೀಲಿ ಸವೆದಿಲ್ಲ, ಆದರೂ ಮುದುಕಾಯಿತಂತೆ. ನಡೆಯುತ್ತಿರುವ ಮಗ್ಗವನ್ನು ಹೀಗೆ ಮೂಲೆಗೆ ತಳ್ಳಿದರೆ ಯಾವ ಕಾರ್ಮಿಕ ತಾನೇ ಒಪ್ಪಿಯಾನು?

ಮೊದಲು ಜಾಗದ ಲೆಕ್ಕ ನೋಡೋಣ. ಡಬ್ಬಿಯ ಮೇಲೆ 128 ಎಂದಿರುತ್ತದೆ, ವಿಂಡೋಸ್ ತೆರೆದರೆ 119 ಎಂದು ತೋರಿಸುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಇಬ್ಬರೂ ಬರೆಯುವುದು ಜಿ.ಬಿ. ಎಂದೇ. ನಮ್ಮ ಸಂತೆಯ ವ್ಯಾಪಾರಿ ಒಂದೇ ಹೆಸರಿನ ಎರಡು ಸೇರು ಇಟ್ಟುಕೊಂಡಿದ್ದರೆ ಇಲಾಖೆಯವರು ಬಿಡುತ್ತಿದ್ದರೇ?

ಉಳಿದ 119ರಲ್ಲಿ ವಿಂಡೋಸ್ ತನ್ನ ಅಪ್‌ಡೇಟುಗಳಿಗೆಂದು ಸುಮಾರು 7 ಜಿ.ಬಿ. ಕಾದಿರಿಸಿಕೊಳ್ಳುವುದುಂಟು. 8 ಜಿ.ಬಿ. ರ್‍ಯಾಮ್ ಇರುವ ಯಂತ್ರದಲ್ಲಿ ಹೈಬರ್ನೇಟ್ ಕಡತವೊಂದೇ ಸುಮಾರು 3 ಜಿ.ಬಿ. ಹಿಡಿದಿರುತ್ತದೆ. ಹಳೆಯ ಅಪ್‌ಡೇಟುಗಳ ಕಸ ಬೇರೆ. ಅಂದರೆ ಮನೆ ಚಿಕ್ಕದೆಂಬುದು ಅರ್ಧ ಸತ್ಯ. ಮೊದಲು ಬಂದ ಒಕ್ಕಲು ಎಲ್ಲ ಕೋಣೆಗೂ ಬೀಗ ಹಾಕಿಕೊಂಡಿದೆ ಎಂಬುದು ಇನ್ನರ್ಧ.

ನಾವು ಮಾಡಿದ್ದಿಷ್ಟು. ಟ್ಯಾಲಿ ಲೆಕ್ಕವನ್ನೂ ಮಗಳ ಕಡತಗಳನ್ನೂ ಮೊದಲು ಪೆನ್‌ಡ್ರೈವಿಗೆ ತೆಗೆದಿಟ್ಟೆವು. ಇದನ್ನು ಬಿಟ್ಟು ಯಾರೂ ಮುಂದಕ್ಕೆ ಹೆಜ್ಜೆ ಇಡಬಾರದು. ಕಸ ಗುಡಿಸಿ, ಹೈಬರ್ನೇಟ್ ನಿಲ್ಲಿಸಿ, ವಿಂಡೋಸಿನ ಪಾಲನ್ನು ಸುಮಾರು 70ಕ್ಕೆ ಇಳಿಸಿದೆವು. ಲಿನಕ್ಸ್ ಮಿಂಟ್ 20 ಜಿ.ಬಿ.ಯಲ್ಲಿಯೂ ಕೂರುತ್ತದೆ, ನಾವು 30 ಕೊಟ್ಟೆವು. ಮಿಕ್ಕದ್ದು ಇಬ್ಬರೂ ಬಳಸುವ ಉಗ್ರಾಣ. ಯಂತ್ರ ಹಾಕಿದೊಡನೆ ಯಾವುದು ಬೇಕೆಂದು ಕೇಳುತ್ತದೆ. ಒಂದು ಸಲಕ್ಕೆ ಒಂದೇ.

'ಫಾಸ್ಟ್ ಸ್ಟಾರ್ಟಪ್' ಎಂಬುದನ್ನು ತಪ್ಪದೆ ಆರಿಸಿಡಬೇಕು. ಅದಿದ್ದರೆ ವಿಂಡೋಸ್ ಆರಿದಂತೆ ನಟಿಸಿ ಅರೆನಿದ್ರೆಯಲ್ಲಿರುತ್ತದೆ. ಆಗ ಲಿನಕ್ಸಿನಿಂದ ಅದರ ಪಾಲಿನಲ್ಲಿ ಬರೆದರೆ ಕಡತ ಕೆಡಬಹುದು. ಹೊಸ ಯಂತ್ರವಾದರೆ ಬಿಟ್‌ಲಾಕರಿನ 48 ಅಂಕಿಗಳ ಕೀಲಿಯನ್ನು ಮೊದಲೇ ಕಾಗದದಲ್ಲಿ ಬರೆದಿಡಿ. ಒಮ್ಮೆ ಅದಿಲ್ಲದೆ ಕೈಹಾಕಿ ಎರಡು ರಾತ್ರಿ ನಿದ್ದೆಗೆಟ್ಟವನು ನಾನೇ. ಡಿಸ್ಕು ಬರೀ 64 ಜಿ.ಬಿ.ಯದಾದರೆ ಈ ಸಾಹಸ ಬೇಡ. ಲಿನಕ್ಸನ್ನು ಹೊರಗಿನ ಯು.ಎಸ್.ಬಿ. ಡಿಸ್ಕಿಗೆ ಹಾಕಿಕೊಳ್ಳಿ.

ಇಷ್ಟಾದರೂ ದೊಡ್ಡ ಒಕ್ಕಲು ಸುಮ್ಮನಿರುತ್ತದೆಯೆಂದು ನಂಬಬೇಡಿ. 2024ರ ಆಗಸ್ಟ್ 13ರಂದು ಮೈಕ್ರೋಸಾಫ್ಟ್ ಒಂದು ಭದ್ರತಾ ಅಪ್‌ಡೇಟ್ ಕಳಿಸಿತು. ಎರಡೂ ವ್ಯವಸ್ಥೆ ಇರುವ ಯಂತ್ರಗಳಿಗೆ ಇದು ತಗಲುವುದಿಲ್ಲವೆಂದು ಹೇಳಿತ್ತು. ತಗಲಿತು! ಬೇಕಾದಷ್ಟು ಜನರ ಲಿನಕ್ಸ್ ಬೆಳಗಾಗುವಷ್ಟರಲ್ಲಿ ಏಳಲೇ ಇಲ್ಲ. ಪರದೆಯ ಮೇಲೆ 'ಸೆಕ್ಯುರಿಟಿ ಪಾಲಿಸಿ ವಯೊಲೇಷನ್' ಎಂಬ ಬರಹ. ಹಳೆಯ ಬೂಟ್ ತಂತ್ರಾಂಶದ ದೋಷವನ್ನು ತಡೆಯುವ ಉದ್ದೇಶ ಅದಕ್ಕಿದ್ದದ್ದು ನಿಜ, ಅದನ್ನು ಒಪ್ಪೋಣ. ಆದರೆ ಪೂರ್ತಿ ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಕೈಯಿಂದ ಮಾಡಿಕೊಳ್ಳುವ ಉಪಾಯಗಳಷ್ಟೇ ಗತಿ. ಒಂಬತ್ತು ತಿಂಗಳು, ಸ್ವಾಮಿ! ಬಾಡಿಗೆದಾರ ಒಂಬತ್ತು ದಿನ ತಡಮಾಡಿದರೆ ಸಾಮಾನು ಬೀದಿಗೆ ಬೀಳುವ ಊರು ನಮ್ಮದು.

ಇನ್ನೊಂದು ಕಡೆಯ ಪಂಡಿತರೂ ಇದ್ದಾರೆ. ವಿಂಡೋಸನ್ನು ಪೂರಾ ಅಳಿಸಿ, ಲಿನಕ್ಸ್ ಒಂದೇ ಸಾಕು ಎಂಬುದು ಅವರ ಉಪದೇಶ. ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿಯ ಮಾಲು, ಆದರೆ ವಿಂಡೋಸಿಗೆಂದೇ ಮಾಡಿದ್ದು. ಜಿ.ಎಸ್.ಟಿ. ತಾರೀಖು ತಪ್ಪಿದರೆ ದಂಡ ಕಟ್ಟುವವನು ಕಿರಾಣಿಯವನು, ಪಂಡಿತರಲ್ಲ. ಕನ್ನಡ ಟೈಪಿಂಗಿನ ಭಯವನ್ನಂತೂ ಬಿಡಬಹುದು: ನುಡಿಯಲ್ಲಿ ಕೈ ಕುದುರಿದವರಿಗೆ ಕಗಪ ಕೀಲಿಮಣೆ ಲಿನಕ್ಸಿನಲ್ಲಿಯೂ ಇದೆ. ಹಳೆಯ ನುಡಿ ಕಡತಗಳನ್ನು ಮಾತ್ರ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಎರಡು ಒಕ್ಕಲಿನ ಸಂಸಾರ ಹೊಸದೂ ಅಲ್ಲ, ದೂರದ್ದೂ ಅಲ್ಲ. ಪಕ್ಕದ ತಮಿಳುನಾಡು 2011ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚತೊಡಗಿದಾಗ ವಿಂಡೋಸಿನ ಜೊತೆಗೆ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸನ್ನೂ ಹಾಕಿಕೊಟ್ಟಿತು. ಗಡಿಯಾಚೆ ಹೊಸೂರಿನಲ್ಲಿ ಆದದ್ದು ಹೊಸಕೋಟೆಯ ಅಂಗಡಿಯಲ್ಲಿ ಅಸಾಧ್ಯವಾಗುವುದು ಹೇಗೆ?

ಈಗ ಆ ಯಂತ್ರದಲ್ಲಿ ಟ್ಯಾಲಿಗಷ್ಟೇ ವಿಂಡೋಸ್. ಇಂಟರ್‌ನೆಟ್, ಬ್ಯಾಂಕು, ಮಗಳ ಪಾಠ ಎಲ್ಲವೂ ಲಿನಕ್ಸಿನಲ್ಲಿ. ಮುಂಗಡದ 2,000 ರೂಪಾಯಿ ಮಾತ್ರ ಇನ್ನೂ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಇದೆ. ಬರುವ ಸೋಮವಾರ ನಾವಿಬ್ಬರೂ ಯಂತ್ರವನ್ನು ಹೊತ್ತುಕೊಂಡೇ ಹೋಗಿ, ಎರಡನ್ನೂ ಅವರ ಮುಂದೆ ಹಾಕಿ ತೋರಿಸಿ, ಹಣ ಕೇಳಲಿದ್ದೇವೆ.