ಹಾಡಿಗೂ ಒಂದು ಹದ

ಹೋದ ಸಲ ನಿಂಬೆಕಾಯಿ ಉಪ್ಪಿನಕಾಯಿ ಬೂಷ್ಟು ಬಾರದಂತೆ ಇಡುವುದು ಹೇಗೆಂದು ಬರೆದಿದ್ದೆ. ಈ ಸಲ ಹಾಡು ಕೆಡದಂತೆ ಇಡುವ ವಿಷಯ. ‘ಇವಳಿಗೇನು ಬಂತಪ್ಪ, ಅಡುಗೆಮನೆ ಬಿಟ್ಟು ಸ್ಟುಡಿಯೋಕ್ಕೆ ಹೊರಟಳು’ ಅನ್ನಬೇಡಿ. ಎಸ್ಸೆಸ್ಸೆಲ್ಸಿ ಓದಿದ ನಾನು ಕಲಿತೆ ಅಂದಮೇಲೆ ನಿಮಗೆ ಬಾರದ ವಿದ್ಯೆ ಏನಲ್ಲ. ಕಲಿಯುವಾಗ ನಾನು ಮಾಡಿದ ಒಂದು ತಪ್ಪನ್ನೂ ಮುಚ್ಚಿಡದೆ ಹೇಳ್ತೀನಿ. ನೀವು ಅದನ್ನು ಮಾಡಬಾರದು ಅಂತಲೇ ಇಷ್ಟು ಬರೆಯುತ್ತಿರುವುದು.

ನಮ್ಮ ಅತ್ತೆಗೆ ಈಗ ಎಂಬತ್ತೊಂದು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು ಎಲ್ಲ ಬಾಯಲ್ಲೇ ಇವೆ, ಪುಸ್ತಕದಲ್ಲಿಲ್ಲ. ಅವರ ತಂಗಿ, ನಮ್ಮ ಚಿಕ್ಕತ್ತೆ, ಜೊತೆಗೆ ದನಿಗೂಡಿಸಿದರೇ ಆ ಹಾಡುಗಳಿಗೆ ಕಳೆ. ಹೋದ ವರ್ಷ ನಮ್ಮ ನಾದಿನಿಯ ಮಗಳ ಮದುವೆ ಗೊತ್ತಾಯಿತು. ನಾವಿರುವುದು ತಿಪಟೂರಿನಲ್ಲಿ, ಚಿಕ್ಕತ್ತೆ ತೀರ್ಥಹಳ್ಳಿಯಲ್ಲಿ. ಇಬ್ಬರಿಗೂ ಮಂಡಿನೋವು. ಮದುವೆಯ ಗದ್ದಲದಲ್ಲಿ ಕೂತು ಹಾಡುವ ಶಕ್ತಿ ಇಬ್ಬರಿಗೂ ಇರಲಿಲ್ಲ. ‘ಮೊದಲೇ ಹಾಡಿಸಿ ಇಟ್ಟುಕೊಂಡರೆ ಹೇಗೆ?’ ಅಂದವಳು ಮೈಸೂರಿನಲ್ಲಿ ಓದುವ ನನ್ನ ಮಗಳು.

ರಜೆಗೆ ಬಂದಾಗ ಅವಳೇ ನಮ್ಮ ಮನೆಯವರ ಲ್ಯಾಪ್‌ಟಾಪಿಗೆ ಆಡಾಸಿಟಿ ಎಂಬ ತಂತ್ರಾಂಶ ಹಾಕಿಕೊಟ್ಟಳು. 2000ದಲ್ಲಿ ಬಂದದ್ದು, ಇಂದಿಗೂ ಪುಕ್ಕಟೆ. ಬೇರೆಬೇರೆಯಾಗಿ ಮುದ್ರಿಸಿದ ದನಿಗಳನ್ನು ಹದವಾಗಿ ಕೂಡಿಸುವುದು ಮಿಕ್ಸಿಂಗ್. ಕೂಡಿಸಿ ಆದಮೇಲೆ ಇಡೀ ಹಾಡು ಎಲ್ಲಿ ಹಾಕಿದರೂ ಸರಿಯಾಗಿ ಕೇಳುವಂತೆ ಕೊನೆಯ ಕೈ ಆಡಿಸುವುದು ಮಾಸ್ಟರಿಂಗ್. ಇಷ್ಟೇ.

ಇದು ಹೊಸದೂ ಅಲ್ಲ. 1951ರಲ್ಲಿ ಅಮೆರಿಕದ ಲೆಸ್ ಪಾಲ್ ಮತ್ತು ಮೇರಿ ಫೋರ್ಡ್ ದಂಪತಿ ಮನೆಯಲ್ಲೇ ಮುದ್ರಿಸಿದ ‘ಹೌ ಹೈ ದ ಮೂನ್’ ಹಾಡು ಅಲ್ಲಿ ಮನೆಮಾತಾಯಿತು. ಮೇರಿ ತನ್ನ ದನಿಯ ಮೇಲೆ ತನ್ನದೇ ದನಿ ಪದರಪದರವಾಗಿ ಸೇರಿಸಿ ಹಾಡಿದ್ದಳು. ಆಗ ಒಂದು ಪದರ ತಪ್ಪಿದರೆ ಮತ್ತೆ ಮೊದಲಿಂದ. ಈಗ ಆ ಕಷ್ಟವಿಲ್ಲ, ಮೂಲ ಪ್ರತಿ ಜೋಪಾನವಾಗಿದ್ದರೆ. ಈ ಮಾತು ನೆನಪಿಡಿ, ಮುಂದೆ ಬರುತ್ತೆ.

<b>ಮುದ್ರಿಸುವಾಗ</b>

ಅರ್ಧ ಕೆಲಸ ಇಲ್ಲೇ ಆಗಬೇಕು. ಕಲ್ಲುನೆಲದ ಖಾಲಿ ಕೋಣೆ ಬೇಡ, ದನಿ ಗೋಡೆಗೆ ಬಡಿದು ಗುಂಯ್‌ಗುಡುತ್ತೆ. ಹಾಸಿಗೆ, ಕಂಬಳಿ ಪೇರಿಸಿಟ್ಟ ಕೋಣೆ ಒಳ್ಳೆಯದು. ಫ್ಯಾನು, ಫ್ರಿಜ್ಜು ಆರಿಸಿ. (ಫ್ರಿಜ್ಜು ಮತ್ತೆ ಹಾಕುವುದನ್ನು ಮರೆಯಬೇಡಿ, ನಾನು ಮರೆತು ಒಂದು ಪಾತ್ರೆ ಹಾಲು ಒಡೆಯಿತು.) ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲಿನ ಮೇಲೆ, ಬಾಯಿಂದ ಒಂದೂವರೆ ಗೇಣು ದೂರದಲ್ಲಿಡಿ. ಹಾಡುವ ಮೊದಲು ಐದು ಸೆಕೆಂಡು ಎಲ್ಲರೂ ಸುಮ್ಮನಿರಿ. ಆ ಮೌನ ಆಮೇಲೆ ಬೇಕಾಗುತ್ತೆ.

ದನಿಯ ಮಟ್ಟ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ಒಳಗೆ ಆಡುತ್ತಿರಲಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತೆ. ಉಕ್ಕಿ ಚೆಲ್ಲಿದ ಹಾಲಿನ ಹಾಗೆ, ಅದನ್ನು ಮತ್ತೆ ತುಂಬಿಕೊಳ್ಳಲಾಗದು. ಸಣ್ಣಗೆ ಬಂದದ್ದನ್ನು ಆಮೇಲೆ ಏರಿಸಿಕೊಳ್ಳಬಹುದು.

ಮೊದಲು ಅತ್ತೆಯನ್ನು ಹಾಡಿಸಿದೆ. ಫೋನಿನ ಶ್ರುತಿಪೆಟ್ಟಿಗೆಯನ್ನು ಇಯರ್‌ಫೋನಿನಲ್ಲಿ ಅವರಿಗೆ ಮಾತ್ರ ಕೇಳಿಸಿದೆ. ಆ ಹಾಡು ತೆಗೆದುಕೊಂಡು ತೀರ್ಥಹಳ್ಳಿಗೆ ಹೋದೆ. ಚಿಕ್ಕತ್ತೆಯ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಇಟ್ಟು ಅಕ್ಕನ ದನಿ ಕೇಳಿಸಿದೆ. ಇನ್ನೊಂದು ಕಿವಿ ತಮ್ಮ ದನಿಗೆ. ‘ಅಕ್ಕ ಪಕ್ಕದಲ್ಲೇ ಕೂತ ಹಾಗಿದೆ ಕಣೇ’ ಅಂದರು. ಶ್ರುತಿಯೂ ಕೂಡಿತು, ನಡೆಯೂ ಕೂಡಿತು.

<b>ಕೂಡಿಸುವಾಗ</b>

ಮೊದಲ ಸಲ ನಾನು ಎಲ್ಲವನ್ನೂ ಹೆಚ್ಚೇ ಹಾಕಿದೆ. ಹೊಸದಾಗಿ ಅಡುಗೆ ಕಲಿತವಳು ಡಬ್ಬಿಯಲ್ಲಿರುವ ಮಸಾಲೆ ಎಲ್ಲ ಸುರಿಯುವ ಹಾಗೆ. ನಾಯ್ಸ್ ರಿಡಕ್ಷನ್ ಎಂಬುದು ಆ ಐದು ಸೆಕೆಂಡಿನ ಮೌನದಿಂದ ಕೋಣೆಯ ಸದ್ದು ಯಾವುದೆಂದು ಗುರುತಿಸಿ, ಹಾಡಿನಿಂದ ಅದನ್ನು ಕಡಿಮೆ ಮಾಡುತ್ತೆ. ನಾನು 24 ಡೆಸಿಬಲ್ ಕಡಿಮೆ ಮಾಡಿದೆ. ಮೇಲೆ ಗುಡಿಯಲ್ಲಿ ಹಾಡಿದ ಹಾಗಿರಲಿ ಅಂತ ರಿವರ್ಬ್ ಸುರಿದೆ. ಅತ್ತೆ ಕೇಳಿ, ‘ಯಾರಮ್ಮ ಇದು, ಕೊಳಾಯಿ ಒಳಗೆ ಕೂತು ಹಾಡ್ತಿರೋದು?’ ಅಂದರು.

ಈಗ ಹೀಗೆ ಮಾಡ್ತೀನಿ. ಸದ್ದು ಕಡಿಮೆ ಮಾಡುವುದು 6 ಡೆಸಿಬಲ್, ಹೆಚ್ಚೆಂದರೆ 10. ಹೈ ಪಾಸ್ ಫಿಲ್ಟರ್ 80 ಹರ್ಟ್ಸ್‌ಗೆ ಇಟ್ಟರೆ ಲಾರಿ ಹೋದ ಗುಡುಗುಡು, ಕರೆಂಟಿನ 50 ಹರ್ಟ್ಸ್ ಗುಂಯ್ ಬಹುಪಾಲು ಹೋಗುತ್ತೆ. ಹೆಂಗಸರ ದನಿ ಅದಕ್ಕಿಂತ ಮೇಲಿರುವುದರಿಂದ ನಷ್ಟವಿಲ್ಲ. ಅತ್ತೆಗೆ ಸಾಲಿನ ಕೊನೆಗೆ ಉಸಿರು ಸಾಲದೆ ಪದ ನುಂಗಿಹೋಗುತ್ತಿತ್ತು. ಅದಕ್ಕೆ ಕಂಪ್ರೆಸರ್: ಜೋರಿದ್ದದ್ದನ್ನು ತುಸು ತಗ್ಗಿಸುತ್ತೆ, ಆಮೇಲೆ ಒಟ್ಟು ಮಟ್ಟ ಏರಿಸಿದರೆ ಮೆಲ್ಲಗಿದ್ದದ್ದೂ ಕೇಳಿಸುತ್ತೆ. 2ಕ್ಕೆ 1ರ ಅನುಪಾತ ಸಾಕು. ರಿವರ್ಬ್ ಒಗ್ಗರಣೆಗೆ ಇಂಗು ಹಾಕಿದಷ್ಟು. ಇದೆ ಅಂತ ಗೊತ್ತಾದರೆ ಹೆಚ್ಚಾಯಿತು ಅಂತಲೇ ಲೆಕ್ಕ.

ಕೊನೆಗೆ ಅತ್ತೆಯ ದನಿಯನ್ನು ತುಸು ಎಡಕ್ಕೆ, ಚಿಕ್ಕತ್ತೆಯದನ್ನು ತುಸು ಬಲಕ್ಕೆ ಸರಿಸಿದೆ. ಹಸೆಯ ಪಕ್ಕ ಅವರು ಕೂರುತ್ತಿದ್ದುದೇ ಹಾಗೆ.

<b>ಕೊನೆಯ ಕೈ</b>

ಮಿಕ್ಸಿಂಗ್ ಮುಗಿದ ದಿನವೇ ಮಾಸ್ಟರಿಂಗಿಗೆ ಕೂರಬೇಡಿ. ಕಿವಿಯೂ ದಣಿಯುತ್ತೆ. ರಾತ್ರಿ ಕಳೆದು ಬೆಳಿಗ್ಗೆ ಕೇಳಿದರೆ ತಪ್ಪು ತಾನಾಗಿ ಕಾಣುತ್ತೆ. ಎಲ್ಲ ಹಾಡುಗಳನ್ನೂ ಸಾಲಾಗಿ ಕೇಳಿ, ಒಂದು ಕಿರುಚಿ ಇನ್ನೊಂದು ಪಿಸುಗುಡಬಾರದು. ಲೌಡ್‌ನೆಸ್ ನಾರ್ಮಲೈಸೇಶನ್ ಎಂಬಲ್ಲಿ ಎಲ್ಲಕ್ಕೂ ಮೈನಸ್ 16 ಇಟ್ಟೆ. ಯೂಟ್ಯೂಬಿಗೆ ಹಾಕುವವರು ಮೈನಸ್ 14 ಇಡಬಹುದು. ಅದಕ್ಕಿಂತ ಜೋರು ಮಾಡಿ ಲಾಭವಿಲ್ಲ, ಅವರೇ ತಗ್ಗಿಸುತ್ತಾರೆ. ಅತಿ ಎತ್ತರದ ಮಟ್ಟವೂ ಮೈನಸ್ 1 ಡೆಸಿಬಲ್ ದಾಟದಂತೆ ಲಿಮಿಟರ್ ಹಾಕಿ. ಆಮೇಲೆ ಇಯರ್‌ಫೋನು, ಟಿವಿ, ಹಳೇ ಫೋನು ಮೂರರಲ್ಲೂ ಕೇಳಿ. ಹಳೇ ಫೋನಿನಲ್ಲಿ ಪದ ಅರ್ಥವಾದರೆ ಎಲ್ಲ ಕಡೆಯೂ ಅರ್ಥವಾಗುತ್ತೆ. ಉಳಿಸುವಾಗ ವೇವ್ ಫೈಲ್. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿದರೆ ದನಿ ಕೆಡದೆ ಹೋಗುತ್ತೆ.

ಮದುವೆಯಲ್ಲಿ ಹಸೆಗೆ ಕರೆಯುವ ಹೊತ್ತಿಗೆ ಹಾಡು ಹಾಕಿದೆವು. ಅಕ್ಕತಂಗಿ ಮುಂದಿನ ಕುರ್ಚಿಗಳಲ್ಲಿ ಕೈ ಹಿಡಿದು ಕೂತು ತಮ್ಮ ಹಾಡು ತಾವೇ ಕೇಳಿದರು.

ಅದಾಗಿ ಮೂರು ತಿಂಗಳಿಗೆ ಚಿಕ್ಕತ್ತೆ ತೀರಿಕೊಂಡರು.

ಹದಿನಾಲ್ಕನೇ ದಿನ ಕಳೆದಮೇಲೆ ಅತ್ತೆ, ‘ಆ ಬೀಗರ ಹಾಡು ಹಾಕೇ’ ಅಂದರು. ಹಾಕಿದೆ. ಪೂರ್ತಿ ಕೇಳಿ, ‘ನಡುವೆ ಅವಳು ನಕ್ಕಿದ್ದಳಂತಲ್ಲ, ನೀನೇ ಹೇಳಿದ್ದೆ. ಆ ನಗು ಎಲ್ಲಿ?’ ಅಂದರು.

ಸೋದರಿಯರೇ, ನಕ್ಕಿದ್ದು ನಿಜ. ಬೀಗಿತ್ತಿಯನ್ನು ಹಂಗಿಸುವ ಸಾಲಿಗೆ ಬಂದಾಗ ತಡೆಯಲಾರದೆ ನಕ್ಕು, ‘ಇರೇ, ಮತ್ತೆ ಹೇಳ್ತೀನಿ’ ಅಂದಿದ್ದರು. ನಾನು ಚೊಕ್ಕಟ ಮಾಡುವ ಹುರುಪಿನಲ್ಲಿ ನಗು, ಕೆಮ್ಮು, ಮಾತು ಎಲ್ಲ ಕತ್ತರಿಸಿ, ಹಳೆಯದರ ಹೆಸರಿನಲ್ಲೇ ಅದರ ಮೇಲೆ ಉಳಿಸಿಬಿಟ್ಟಿದ್ದೆ. ಫೋನಿನಲ್ಲಿ ಜಾಗ ಸಾಲದೆಂದು ಅಲ್ಲಿಯದನ್ನೂ ಅಳಿಸಿದ್ದೆ. ಮಗಳು ಬಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಅತ್ತೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆದ್ದರಿಂದ ಎಲ್ಲಕ್ಕಿಂತ ಮೊದಲಿನ ಪಾಠ ಇದು: ಮುದ್ರಿಸಿದ ದಿನವೇ ಮೂಲದ ಎರಡು ಪ್ರತಿ ಮಾಡಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಬೇರೆ ಮನೆಯಲ್ಲಿ. ಹೆಸರು, ತಾರೀಖು ಬರೆದಿಡಿ. ಮಿಕ್ಸಿಂಗ್ ಏನಿದ್ದರೂ ಮೂರನೆಯ ಪ್ರತಿಯ ಮೇಲೆ. ಕತ್ತರಿಸುವ ಮುಂಚೆ ಕೇಳಿಕೊಳ್ಳಿ, ಇದು ಕಸವೋ, ಮನುಷ್ಯರೋ ಅಂತ.

ಹಸೆಯ ಹಾಡನ್ನು ಮಾತ್ರ ನಾನು ಹೆಚ್ಚು ಉಜ್ಜಿರಲಿಲ್ಲ. ಎರಡನೇ ನುಡಿಗೆ ಮುಂಚೆ ಚಿಕ್ಕತ್ತೆ ಉಸಿರೆಳೆದುಕೊಳ್ಳುವುದು, ಬಳೆ ಸದ್ದು ಹಾಗೇ ಇವೆ. ಅತ್ತೆ ಸಂಜೆ ದೀಪ ಹಚ್ಚಿದಮೇಲೆ ಅದನ್ನೇ ಹಾಕಿಸಿಕೊಂಡು ಜೊತೆಗೆ ತಾವೂ ಮೆಲ್ಲಗೆ ಹಾಡ್ತಾರೆ.

ನಿಮ್ಮ ಮನೆಯಲ್ಲೂ ಹಾಡುವ ಹಿರಿಯರಿದ್ದರೆ ಈ ಭಾನುವಾರವೇ ಕೂರಿಸಿ. ಕಲಿಯುವುದು ನಿಧಾನವಾಗಲಿ, ಹಾಡಿಸುವುದು ಬೇಗ ಆಗಲಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಉಪ್ಪು ಖಾರದ ಮಾತಾಡೋಣ.