ಲೈಸೆನ್ಸು ದೊರೆತ ಮೇಲಿನ ಪರೀಕ್ಷೆ

ಭಾರೀ ವಾಹನವನ್ನು ನಡೆಸುವ ಲೈಸೆನ್ಸು ಕೈಗೆ ಬಂದ ದಿನವೇ ತರುಣನು ಡ್ರೈವರನಾದನೆಂದು ಸರ್ಕಾರದ ದಫ್ತರವು ಬರೆದುಕೊಳ್ಳುತ್ತದೆ. ಲಾರಿಯ ಮಾಲಿಕನು ಹಾಗೆ ಬರೆದುಕೊಳ್ಳುವುದಿಲ್ಲ. ಉಡುಪಿಯ ಪ್ರಾದೇಶಿಕ ಸಾರಿಗೆ ಕಚೇರಿಯ ಪರೀಕ್ಷೆಯಲ್ಲಿ ಉತ್ತೀರ್ಣನಾದವನು ಸಂತೆಕಟ್ಟೆಯ ಹೆದ್ದಾರಿಯ ಬದಿಯಲ್ಲಿ ಕೆಲಸವನ್ನು ಕೇಳಿಕೊಂಡು ನಿಂತಾಗ ಎರಡನೆಯದೊಂದು ಪರೀಕ್ಷೆ ಅವನಿಗಾಗಿ ಕಾದಿರುತ್ತದೆ. ಇದಕ್ಕೆ ನಮ್ಮ ಕಡೆಯಲ್ಲಿ 'ಟ್ರಯಲು' ಎಂದು ಹೆಸರು. ಈ ಪರೀಕ್ಷೆಗೆ ನಿಯಮವಿಲ್ಲ, ಪಾಠಕ್ರಮವಿಲ್ಲ, ಅಂಕಗಳಿಲ್ಲ. ಪರೀಕ್ಷಕನ ಅರ್ಹತೆ ಇಂಥದೆಂಬ ಗೊತ್ತುಪಾಡೂ ಇಲ್ಲ. ಆದರೂ ಒಬ್ಬ ತರುಣನ ಅನ್ನವೂ ಅನೇಕ ದಾರಿಹೋಕರ ಪ್ರಾಣವೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿವೆ. ಇಂಥ ವಿಷಯವು ಮಹಾಜನರ ಆಲೋಚನೆಗೆ ಬಾರದೆ ಉಳಿಯುವುದು ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ.

ಸಂತೆಕಟ್ಟೆಯು ಎಂಥ ಸ್ಥಳವೆಂಬುದನ್ನು ಈ ಜಿಲ್ಲೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಹಿಂದೆ 17 ಎಂದು ಕರೆಯಿಸಿಕೊಂಡು ಈಗ 66 ಎಂಬ ಸಂಖ್ಯೆಯನ್ನು ಹೊತ್ತಿರುವ ರಾಷ್ಟ್ರೀಯ ಹೆದ್ದಾರಿಯು ಈ ಪೇಟೆಯನ್ನು ಸೀಳಿಕೊಂಡು ಸ್ವರ್ಣಾ ನದಿಯ ಸೇತುವೆಯ ಕಡೆಗೆ ಸಾಗುತ್ತದೆ. ಮಲ್ಪೆಯ ಬಂದರಿನಿಂದ ಗೋವೆಯ ಕಡೆಗೆ ಹೊರಟ ಮೀನಿನ ಲಾರಿ, ಮಂಗಳೂರಿನಿಂದ ಉತ್ತರಕ್ಕೆ ಹೋಗುವ ಅನಿಲದ ಟ್ಯಾಂಕರು, ಜಲ್ಲಿಯನ್ನೂ ಕೆಂಪುಕಲ್ಲನ್ನೂ ಹೇರಿದ ಟಿಪ್ಪರು, ಎಲ್ಲಕ್ಕೂ ಇದೇ ದಾರಿ. ಶಾಲೆಯ ಮಕ್ಕಳೂ ಸಂತೆಗೆ ಬಂದ ಹೆಂಗಸರೂ ದಾಟಬೇಕಾದುದೂ ಇದೇ ದಾರಿಯನ್ನು. ಈಚಿನ ವರ್ಷಗಳಲ್ಲಿ ಕೆಳಸೇತುವೆಯ ಕಾಮಗಾರಿಗಾಗಿ ನೆಲವನ್ನು ಅಗೆದು, ವಾಹನಗಳನ್ನೆಲ್ಲ ಇಕ್ಕಟ್ಟಾದ ಬದಿಯ ರಸ್ತೆಗೆ ತಿರುಗಿಸಿದಾಗ, ಪಳಗಿದ ಕೈಗೂ ಪಳಗದ ಕೈಗೂ ಇರುವ ಅಂತರವನ್ನು ಊರವರು ದಿನವೂ ಕಣ್ಣಾರೆ ಕಂಡರು. ಇದರ ಮೇಲೆ ವರ್ಷಕ್ಕೆ ಸುಮಾರು 4000 ಮಿಲ್ಲಿಮೀಟರು ಸುರಿಯುವ ಮಳೆ. ಮೀನಿನ ನೀರು ಸೋರಿ ನುಣುಪಾದ ರಸ್ತೆಯಲ್ಲಿ ಆಷಾಢದ ರಾತ್ರಿ ತುಂಬಿದ ಲಾರಿಯನ್ನು ನಿಲ್ಲಿಸುವ ವಿದ್ಯೆ ಯಾವ ಪರೀಕ್ಷಾಂಗಣದಲ್ಲಿಯೂ ಕಲಿಯುವಂಥದಲ್ಲ.

ಮೊದಲನೆಯ ಪರೀಕ್ಷೆಯ ಬೆಲೆಯೆಷ್ಟೆಂಬುದನ್ನು ನೋಡೋಣ. 1988ರ ಮೋಟಾರು ವಾಹನಗಳ ಕಾನೂನಿನಂತೆ ಸಾರಿಗೆ ವಾಹನವನ್ನು ನಡೆಸುವವನಿಗೆ 20 ವರ್ಷ ತುಂಬಿರಬೇಕು. ಭಾರೀ ವಾಹನವನ್ನು ಕಲಿಯಹೊರಡುವ ಮೊದಲು ಲಘುವಾಹನದ ಲೈಸೆನ್ಸನ್ನು ಅವನು ಒಂದು ವರ್ಷವಾದರೂ ಹೊಂದಿರಬೇಕು. 1989ರ ಕೇಂದ್ರ ನಿಯಮಗಳು ಡ್ರೈವಿಂಗ್ ಶಾಲೆಯಲ್ಲಿ ಸಾರಿಗೆ ವಾಹನಕ್ಕೆ 30 ದಿನಗಳ ಶಿಕ್ಷಣವನ್ನೂ, ಅದರಲ್ಲಿ 15 ಗಂಟೆಗಳಾದರೂ ಚಕ್ರವನ್ನು ಕೈಯಲ್ಲಿ ಹಿಡಿದು ನಡೆಸುವ ಅಭ್ಯಾಸವನ್ನೂ ವಿಧಿಸಿವೆ. ಎಂಟನೆಯ ತರಗತಿಯನ್ನು ಮುಗಿಸಿರಬೇಕೆಂಬ ಹಳೆಯ ನಿಬಂಧನೆಯನ್ನು 2019ರಲ್ಲಿ ಕಿತ್ತುಹಾಕಿದರು. ಅದು ಸರಿಯಾದ ಕೆಲಸವೇ. ಅಕ್ಷರ ಬಾರದ ಅನೇಕ ಜಾಣ ಡ್ರೈವರರನ್ನು ಈ ನಾಡು ಕಂಡಿದೆ. ಆದರೆ ಪುಸ್ತಕದ ವಿದ್ಯೆಯನ್ನು ಕಡಿಮೆ ಮಾಡಿದವರು ಕೈಯ ವಿದ್ಯೆಯನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸಬೇಕಾಗಿತ್ತು.

ಶಾಲೆಯ ಲಾರಿ ಸಾಮಾನ್ಯವಾಗಿ ಖಾಲಿಯಾಗಿರುತ್ತದೆ. ಪರೀಕ್ಷೆಯ ಲಾರಿಯೂ ಖಾಲಿಯೇ. ಮೂರು ಅಚ್ಚುಗಳ ಲಾರಿಗೆ 2018ರಿಂದ ಕಾನೂನು ಅನುಮತಿಸಿರುವ ಒಟ್ಟು ತೂಕ 28.5 ಟನ್ನು. ಖಾಲಿ ಲಾರಿಯಲ್ಲಿ ಕಲಿತವನು ಮೊದಲ ಸಲ ಇಂಥ ಭಾರವನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಾಗ ಎಲ್ಲವೂ ಹೊಸದು: ಬ್ರೇಕು ಹಿಡಿಯುವ ದೂರ ಹೊಸದು, ತಿರುವಿನಲ್ಲಿ ಸರಕು ಎಳೆಯುವ ಬಗೆ ಹೊಸದು, ಏರಿನಲ್ಲಿ ಗೇರು ಬದಲಿಸುವ ಕ್ಷಣ ಹೊಸದು. ಆಗುಂಬೆಯ 14 ತಿರುವುಗಳಲ್ಲಿ ಭಾರೀ ಲಾರಿಗಳಿಗೆ ಪ್ರವೇಶವಿಲ್ಲದಿರುವುದರಿಂದ ಅವು ಬಾಳೆಬರೆಯನ್ನೋ ಶಿರಾಡಿಯನ್ನೋ ಹಿಡಿಯಬೇಕು. ಘಟ್ಟವನ್ನು ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂದೂ, ಲಾರಿಯನ್ನು ಇಂಜಿನ್ನೇ ಹಿಡಿದಿರಬೇಕೆಂದೂ ಹಿರಿಯ ಡ್ರೈವರರು ಹೇಳಿಕೊಡುತ್ತಾರೆ. ಬ್ರೇಕನ್ನೇ ನಂಬಿ ಒತ್ತುತ್ತ ಇಳಿದರೆ ಡ್ರಮ್ಮು ಕಾದು, ಬೇಕಾದಾಗ ಬ್ರೇಕು ಹಿಡಿಯದೆ ಹೋಗುತ್ತದೆ. ಡೀಸೆಲಿನ ಆಸೆಗೆ ನ್ಯೂಟ್ರಲಿನಲ್ಲಿ ಬಿಟ್ಟರಂತೂ ಮುಂದಿನದು ದೈವಾಧೀನ.

ಹೀಗಿರುವಲ್ಲಿ ಲಾರಿಯ ಮಾಲಿಕನು ಹೊಸಬನನ್ನು ತಾನೇ ಪರೀಕ್ಷಿಸಿ ನೋಡುತ್ತಾನೆಂದರೆ ಅದು ಅನ್ಯಾಯವಲ್ಲ. ಸಾಲವನ್ನು ಮಾಡಿ ಕೊಂಡ ಲಾರಿ, ಪರರ ಸರಕು, ದಾರಿಯ ಜನರು, ಇಷ್ಟೂ ಹೊಣೆ ಅವನ ಮೇಲಿರುವುದು. ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ ರಸ್ತೆಯ ಅಪಘಾತಗಳಿಂದ ಮಡಿದವರು 1,68,491 ಮಂದಿ. ಪರೀಕ್ಷೆ ಬೇಡವೆಂದು ನಾವು ಹೇಳುವುದಿಲ್ಲ. ಅದನ್ನು ಇನ್ನಷ್ಟು ಗಂಭೀರವಾಗಿ ಮಾಡಿರಿ ಎಂದೇ ಹೇಳುತ್ತೇವೆ.

ಈಗ ನಡೆಯುತ್ತಿರುವ ಬಗೆಯಾದರೂ ಹೇಗಿದೆ? ಎಷ್ಟೋ ಕಡೆ, ಅಪರಿಚಿತನಾದ ತರುಣನನ್ನು ತುಂಬಿದ ಲಾರಿಗೇ ಹತ್ತಿಸಿ, ವಾಹನ ಸಂಚಾರ ದಟ್ಟವಾಗಿರುವ ಹೆದ್ದಾರಿಯಲ್ಲಿಯೇ 'ನಡೆಸು, ನೋಡೋಣ' ಎನ್ನುತ್ತಾರೆ. ಅವನ ತಪ್ಪಿನ ಬೆಲೆಯನ್ನು ತೆರುವವರು ಬೈಸಿಕಲ್ಲಿನವನೂ ಕಾಲ್ನಡೆಯವನೂ. ಮತ್ತೆ ಕೆಲವು ಕಡೆ ಟ್ರಯಲೆಂಬ ಹೆಸರಿನಲ್ಲಿ ಒಂದೆರಡು ಇಡೀ ಪ್ರಯಾಣಗಳನ್ನೇ ಮಾಡಿಸಿಕೊಂಡು, ಕೂಲಿಯನ್ನಾಗಲಿ ಭತ್ಯವನ್ನಾಗಲಿ ಕೊಡದೆ, 'ಕೈ ಸಾಲದು' ಎಂದು ಕಳುಹಿಸಿಬಿಡುತ್ತಾರೆ. ಇದು ಪರೀಕ್ಷೆಯಲ್ಲ, ಬಿಟ್ಟಿ ದುಡಿಮೆ. ಟ್ರಯಲಿನ ಹೊತ್ತಿಗೆ ಅಪಘಾತವಾದರೆ ಆ ತರುಣನು ನೌಕರನೋ ಅಲ್ಲವೋ ಎಂಬ ತರ್ಕ ಎದ್ದು, ಪರಿಹಾರದ ಕಾನೂನಿನ ಬಾಗಿಲು ಅವನ ಮನೆಯವರಿಗೆ ಸುಲಭವಾಗಿ ತೆರೆಯುವುದಿಲ್ಲ. ಏಕೆ ತಿರಸ್ಕೃತನಾದೆನೆಂದು ತಿಳಿಯದವನು ತನ್ನ ಕುಂದನ್ನು ತಿದ್ದಿಕೊಳ್ಳುವುದಾದರೂ ಹೇಗೆ?

ಇನ್ನೊಂದು ವಿಪರೀತವಿದೆ. ಡ್ರೈವರರು ಸಿಕ್ಕುವುದಿಲ್ಲವೆಂಬುದು ಮಾಲಿಕರ ದೂರು; ಕೆಲಸ ಸಿಕ್ಕುವುದಿಲ್ಲವೆಂಬುದು ಹೊಸ ಡ್ರೈವರರ ದೂರು. ಎರಡೂ ನಿಜ. ಅನುಭವವಿದ್ದವನಿಗೇ ಲಾರಿಯನ್ನು ಕೊಡುವೆವೆಂದು ಎಲ್ಲರೂ ಹೇಳಿದರೆ ಅನುಭವವು ಎಲ್ಲಿಂದ ಬರಬೇಕು? ಈಜು ಕಲಿಯದೆ ನೀರಿಗಿಳಿಯಬಾರದೆಂದರೆ ಈಜು ಕಲಿಯುವುದೆಂದಿಗೆ? ಹಿಂದೆ ಕ್ಲೀನರನಾಗಿ ಸೇರಿದ ಹುಡುಗನು ವರ್ಷಗಟ್ಟಲೆ ಹಿರಿಯ ಡ್ರೈವರನ ಪಕ್ಕದಲ್ಲಿ ಕುಳಿತು, ಚಕ್ರ ಬಿಚ್ಚಿ, ಹಗ್ಗ ಕಟ್ಟಿ, ಟಾರ್ಪಾಲು ಹೊದಿಸಿ, ದಾರಿಯ ಮರ್ಮವನ್ನೆಲ್ಲ ತಿಳಿದು ಚಕ್ರಕ್ಕೆ ಕೈಹಾಕುತ್ತಿದ್ದನು. ಆ ಪದ್ಧತಿಯಲ್ಲಿ ಬೈಗಳೂ ಪೆಟ್ಟೂ ಇದ್ದವು. ಲೈಸೆನ್ಸಿಲ್ಲದ ಹುಡುಗನ ಕೈಗೆ ರಾತ್ರಿ ಲಾರಿಯನ್ನು ಕೊಡುವ ಅಪರಾಧವೂ ಇತ್ತು. ಅದನ್ನು ಮರಳಿ ತರಬೇಕೆಂದು ಯಾರೂ ಹೇಳಲಾರರು. ಆದರೆ ಖರ್ಚು ಉಳಿಸಲೆಂದು ಕ್ಲೀನರನನ್ನೇ ತೆಗೆದುಹಾಕಿದ ಮಾಲಿಕರು, ಹೊಸಬನು ಕಲಿಯುತ್ತಿದ್ದ ಆಸನವೂ ಅದರೊಂದಿಗೆ ಖಾಲಿಯಾಯಿತೆಂಬುದನ್ನು ಮರೆತಿದ್ದಾರೆ.

ಒಳ್ಳೆಯ ಮಾದರಿಯು ದೂರದಲ್ಲೇನೂ ಇಲ್ಲ. 1948ರಲ್ಲಿ ಮೈಸೂರು ಸರ್ಕಾರದ ಇಲಾಖೆಯಾಗಿ ಹುಟ್ಟಿ ಇಂದು ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯಾಗಿ ಬೆಳೆದಿರುವ ನಮ್ಮ ಸರ್ಕಾರಿ ಬಸ್ಸಿನವರು, ಭಾರೀ ವಾಹನದ ಲೈಸೆನ್ಸು ಇದ್ದವನನ್ನು ಕೂಡ ಹಾಗೆಯೇ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಸನ, ಹುಮನಾಬಾದುಗಳಲ್ಲಿ ಗಣಕಯಂತ್ರವನ್ನು ಜೋಡಿಸಿದ ಪರೀಕ್ಷಾಪಥಗಳಲ್ಲಿ ಅಭ್ಯರ್ಥಿಯು ವಾಹನವನ್ನು ನಡೆಸಿ ತೋರಿಸಬೇಕು. ಗೆರೆ ದಾಟಿದನೋ ಇಲ್ಲವೋ ಎಂಬುದನ್ನು ಯಂತ್ರವೇ ಹೇಳುತ್ತದೆ. ಇಲ್ಲಿ ಮುಖ್ಯವಾದುದು ಯಂತ್ರವಲ್ಲ. ಪರೀಕ್ಷೆ ಬಯಲಿನಲ್ಲಿ ನಡೆಯುತ್ತದೆ, ಎಲ್ಲರಿಗೂ ಒಂದೇ ಅಳತೆಯಿದೆ, ಸೋತವನಿಗೆ ತಾನು ಸೋತುದು ಎಲ್ಲಿ ಎಂಬುದು ತಿಳಿಯುತ್ತದೆ ಎಂಬುದು ಮುಖ್ಯ. ಯೂರೋಪಿನ ಒಕ್ಕೂಟದವರು 2003ರ ತಮ್ಮ ನಿರ್ದೇಶದಿಂದ ಲಾರಿ ಡ್ರೈವರನಿಗೆ ಲೈಸೆನ್ಸಲ್ಲದೆ ವೃತ್ತಿಯ ಅರ್ಹತೆಯನ್ನೂ, ಐದೈದು ವರ್ಷಕ್ಕೆ 35 ಗಂಟೆಗಳ ಪುನಃಶಿಕ್ಷಣವನ್ನೂ ವಿಧಿಸಿದ್ದಾರೆ. ನಮ್ಮ ಕೇಂದ್ರ ಸರ್ಕಾರವೂ 2021ರಲ್ಲಿ ಮಾನ್ಯತೆ ಪಡೆದ ಶಿಕ್ಷಣಕೇಂದ್ರಗಳ ನಿಯಮವನ್ನು ತಂದು, ಭಾರೀ ವಾಹನಕ್ಕೆ ಆರು ವಾರಗಳಲ್ಲಿ 38 ಗಂಟೆಗಳ ಪಾಠಕ್ರಮವನ್ನು ಗೊತ್ತುಮಾಡಿತು. ಅಪಾಯಕರ ಸರಕನ್ನು ಒಯ್ಯುವವನಿಗೆ ಬೇರೆ ಶಿಕ್ಷಣವೂ ಕಡ್ಡಾಯವಾಗಿದೆ. ಅನಿಲದ ಟ್ಯಾಂಕರು ಉರುಳಿದರೆ ಏನಾಗುವುದೆಂಬುದನ್ನು 2012ರಲ್ಲಿ ಕಣ್ಣೂರಿನ ಚಾಲದವರೂ 2013ರಲ್ಲಿ ಉಪ್ಪಿನಂಗಡಿಯ ಬಳಿಯ ಪೆರ್ನೆಯವರೂ ಅನುಭವಿಸಿದ್ದಾರೆ. ಆ ಶಿಕ್ಷಣವನ್ನು ಕಾಗದದ ಶಾಸ್ತ್ರವೆಂದು ಯಾರೂ ತಿಳಿಯಬಾರದು.

ಇದೆಲ್ಲಕ್ಕೂ ಹಣವೆಲ್ಲಿ, ವೇಳೆಯೆಲ್ಲಿ, ಎಂದು ಒಂದೆರಡು ಲಾರಿಗಳ ಮಾಲಿಕರು ಕೇಳಬಹುದು. ಅವರ ಕಷ್ಟ ನಮಗೆ ಗೊತ್ತಿಲ್ಲದುದಲ್ಲ. ಕಂತು, ವಿಮೆ, ಟಯರು, ಟೋಲು ಇವುಗಳ ನಡುವೆ ಅವರಿಗೆ ಉಳಿಯುವುದು ಅಷ್ಟಕ್ಕಷ್ಟೆ. ಆದುದರಿಂದಲೇ ಒಬ್ಬೊಬ್ಬರು ಬೇರೆಬೇರೆಯಾಗಿ ಮಾಡುವುದಕ್ಕಿಂತ ಎಲ್ಲರೂ ಸೇರಿ ಮಾಡುವುದು ಲೇಸೆಂದು ಸೂಚಿಸುತ್ತೇವೆ. ಉಡುಪಿ, ಕಾಪು, ಕಾರ್ಕಳ, ಬ್ರಹ್ಮಾವರಗಳ ಮಾಲಿಕರು ಒಂದು ಬಯಲನ್ನು ಗೊತ್ತುಮಾಡಿಕೊಂಡು, ತಿಂಗಳಿಗೊಂದು ದಿನ ಇಬ್ಬರು ಹಿರಿಯ ಡ್ರೈವರರನ್ನೂ ಸಾರಿಗೆ ಇಲಾಖೆಯ ಒಬ್ಬ ಇನ್ಸ್ಪೆಕ್ಟರರನ್ನೂ ಕೂಡಿಸಿ, ಹೊಸಬರನ್ನೆಲ್ಲ ಒಟ್ಟಿಗೆ ಪರೀಕ್ಷಿಸಬಾರದೇಕೆ?

ಪರೀಕ್ಷೆಯ ಕ್ರಮವು ಹೀಗಿರಬಹುದು. ಮೊದಲು ನಿಂತ ಲಾರಿಯ ಪರೀಕ್ಷೆ: ಗಾಳಿಯ ಒತ್ತಡ, ಬ್ರೇಕು, ಟಯರು, ದೀಪ, ಹಗ್ಗದ ಕಟ್ಟು ಇವನ್ನು ನೋಡದೆ ಚಾವಿ ತಿರುಗಿಸಿದವನು ಅಲ್ಲಿಯೇ ನಿಲ್ಲಲಿ. ಎರಡನೆಯದಾಗಿ ಬಯಲಿನೊಳಗೆ ಖಾಲಿ ಲಾರಿಯನ್ನು ಹಿಂದಕ್ಕೆ ತೆಗೆಯುವುದು, ಇಕ್ಕಟ್ಟಿನಲ್ಲಿ ತಿರುಗಿಸುವುದು, ಏರಿನಲ್ಲಿ ನಿಲ್ಲಿಸಿ ಹಿಂದೆ ಸರಿಯದಂತೆ ಹೊರಡಿಸುವುದು. ಮೂರನೆಯದಾಗಿ, ಇವೆರಡರಲ್ಲಿ ಗೆದ್ದವನಿಗೆ ಮಾತ್ರ, ಹಿರಿಯನೊಬ್ಬನು ಪಕ್ಕದಲ್ಲಿರುವಂತೆ, ಸಂಚಾರ ಕಡಿಮೆಯಿರುವ ಹೊತ್ತಿನಲ್ಲಿ ತುಂಬಿದ ಲಾರಿ. ಫಲಿತಾಂಶವನ್ನು ಬರೆದು ಕೊಡಬೇಕು. ಸೋತವನಿಗೆ ಕಾರಣವನ್ನೂ ಬರೆದು ಕೊಡಬೇಕು. ಬಾಡಿಗೆ ಬರುವ ಪ್ರಯಾಣದಲ್ಲಿ ಟ್ರಯಲು ನಡೆದರೆ ಆ ದಿನದ ಕೂಲಿಯೂ ಭತ್ಯವೂ ತರುಣನ ಹಕ್ಕು. ಕೆಲಸಕ್ಕೆ ಸೇರಿದ ಮೊದಲ ಮೂರು ತಿಂಗಳು ಒಬ್ಬನನ್ನೇ ರಾತ್ರಿಯ ಪ್ರಯಾಣಕ್ಕಾಗಲಿ ಘಟ್ಟಕ್ಕಾಗಲಿ ಕಳುಹಿಸಬಾರದು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು 1961ರ ಮೋಟಾರು ಸಾರಿಗೆ ಕೆಲಸಗಾರರ ಕಾನೂನು ಹಾಕಿದ್ದ ಮಿತಿಯ ಆಶಯವನ್ನು, ಹೊಸಬನ ವಿಷಯದಲ್ಲಾದರೂ, ಎಲ್ಲ ಮಾಲಿಕರೂ ಮನ್ನಿಸಲಿ. ನಿದ್ದೆಗೆಟ್ಟ ಕಣ್ಣಿಗೆ ಯಾವ ಪರೀಕ್ಷೆಯೂ ರಕ್ಷೆಯಲ್ಲ.

ಅಧಿಕಾರಿಗಳವರಿಗೂ ಒಂದು ಮಾತು. ಲೈಸೆನ್ಸಿನ ಪರೀಕ್ಷೆಯು ಬಿಗಿಯಾಗಿದ್ದರೆ ಎರಡನೆಯ ಪರೀಕ್ಷೆಗೆ ಇಷ್ಟೊಂದು ಹೊರೆ ಬೀಳುತ್ತಿರಲಿಲ್ಲ. ಶಾಲೆಗಳು ವಿಧಿಸಿದ 15 ಗಂಟೆಗಳ ಅಭ್ಯಾಸವನ್ನು ನಿಜವಾಗಿ ಕೊಡುತ್ತವೆಯೇ ಎಂಬುದನ್ನು ನೋಡುವುದೂ, ಪರೀಕ್ಷೆಯ ಲಾರಿಗೆ ಸ್ವಲ್ಪವಾದರೂ ಭಾರವನ್ನು ಹೇರಿಸುವುದೂ ಅವರ ಕೈಯಲ್ಲಿದೆ. ದಂಡನೆಯ ಕಾನೂನಿನಿಂದಲೇ ಎಲ್ಲವನ್ನೂ ಸಾಧಿಸುವೆವೆಂಬ ಭ್ರಮೆ ಬೇಡ. ಅಪಘಾತವನ್ನು ಮಾಡಿ ತಿಳಿಸದೆ ಓಡಿಹೋದ ಡ್ರೈವರನಿಗೆ ಹತ್ತು ವರ್ಷಗಳವರೆಗೆ ಸೆರೆಯೆಂಬ ವಿಧಿಯ ವಿರುದ್ಧ 2024ರ ಜನವರಿಯ ಮೊದಲ ದಿನಗಳಲ್ಲಿ ದೇಶದ ಲಾರಿಗಳು ನಿಂತುವು. ಹೊಸ ಸಂಹಿತೆಯು ಆ ವರ್ಷ ಜುಲೈ 1ರಂದು ಜಾರಿಗೆ ಬಂದಾಗ ಆ ಒಂದು ವಿಧಿಯನ್ನು ತಡೆಹಿಡಿಯಬೇಕಾಯಿತು. ಅಪಘಾತದ ಅನಂತರದ ಶಿಕ್ಷೆಯನ್ನು ಕುರಿತು ನಡೆದ ಚರ್ಚೆಯ ನೂರರಲ್ಲಿ ಒಂದು ಪಾಲಾದರೂ ಅಪಘಾತಕ್ಕೆ ಮುಂಚಿನ ಶಿಕ್ಷಣವನ್ನು ಕುರಿತು ನಡೆದಿದ್ದರೆ ದೇಶಕ್ಕೆ ಹೆಚ್ಚು ಹಿತವಾಗುತ್ತಿತ್ತು.

ಕೊನೆಯದಾಗಿ ತರುಣರಲ್ಲಿ ನಮ್ಮ ವಿಜ್ಞಾಪನೆ. ಟ್ರಯಲನ್ನು ಅಪಮಾನವೆಂದು ತಿಳಿಯಬೇಡಿರಿ. ವೇಗದಿಂದ ಮಾಲಿಕನನ್ನು ಮೆಚ್ಚಿಸಹೊರಡಬೇಡಿರಿ; ಸಂತೆಕಟ್ಟೆಯಲ್ಲಿ ದಾಟಲೆಂದು ನಿಂತ ಮುದುಕಿಗಾಗಿ ಲಾರಿಯನ್ನು ನಿಧಾನಿಸಿದವನೇ ನಿಜವಾಗಿ ಉತ್ತೀರ್ಣನಾದವನು. 'ಈ ಭಾರವನ್ನು ನಾನು ಇನ್ನೂ ನಡೆಸಿಲ್ಲ, ಒಬ್ಬರು ಜೊತೆಗಿರಲಿ' ಎಂದು ಹೇಳುವ ಧೈರ್ಯ ನಿಮಗಿರಲಿ. ಹಾಗೆ ಹೇಳಿದವನನ್ನು ಹಿಂದಕ್ಕೆ ಕಳುಹಿಸದೆ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕಲಿಸುವ ವಿವೇಕವು ಮಾಲಿಕರಿಗಿರಲಿ. ಅಕ್ಕಿ, ಮೀನು, ಔಷಧ, ಇಟ್ಟಿಗೆ, ಎಲ್ಲವನ್ನೂ ನಮ್ಮ ಮನೆಯ ಬಾಗಿಲಿಗೆ ತರುವ ಈ ಕೈಗಳನ್ನು ಪಳಗಿಸುವ ಭಾರವು ಲಾರಿಯವರೊಬ್ಬರದೇ ಅಲ್ಲ, ಸಮಾಜದ್ದೂ ಹೌದು. ಮುಂದಿನ ಮಳೆಗಾಲದೊಳಗಾಗಿ ಇಂಥದೊಂದು ಪರೀಕ್ಷೆಯ ವ್ಯವಸ್ಥೆಯನ್ನು ಉಡುಪಿಯ ಮಾಲಿಕರೂ ಅಧಿಕಾರಿಗಳೂ ಕೂಡಿ ಆರಂಭಿಸುವರೆಂದು ಹಾರೈಸುತ್ತೇವೆ.