ಸಣ್ಣ ಪತ್ರಿಕೆಯನ್ನು ಅಳೆಯುವ ಸೇರೇ ಬೇರೆ

"ನಿಮ್ಮದನ್ನ ಎಷ್ಟು ಜನ ಓದ್ತಾರ್ರೀ?" ಜಿಲ್ಲೆಗಳಲ್ಲಿ ಸುದ್ದಿ ಹೆಕ್ಕುವ ನಮ್ಮಂಥವರು ಸ್ವಂತದ್ದೇನಾದರೂ ಬರೆದಾಗ ಮೊದಲು ಎದುರಾಗುವ ಪ್ರಶ್ನೆ ಇದು. ಪ್ರೆಸ್‌ಮೀಟಿನ ಟೀ ಕುಡಿಯುತ್ತಾ ನಮ್ಮವರೇ ಕೇಳುತ್ತಾರೆ. ಏನು ಬರೆದಿದ್ದೀರಿ ಎಂದು ಕೇಳುವವರು ಕಡಿಮೆ.

ನಮ್ಮ ಉತ್ತರ ಬೆಂಜಮಿನ್ ಟಕರ್. ಅಮೆರಿಕದ ಬೋಸ್ಟನ್‌ನಲ್ಲಿ 1881ರ ಆಗಸ್ಟ್‌ನಲ್ಲಿ ಆತ 'ಲಿಬರ್ಟಿ' ಎಂಬ ಪತ್ರಿಕೆ ಶುರು ಮಾಡಿದ. ಸರ್ಕಾರ ಬೇಡ, ಅದು ಸಾಕುವ ಏಕಸ್ವಾಮ್ಯಗಳೂ ಬೇಡ, ನನ್ನ ಬದುಕಿಗೆ ನಾನೇ ಒಡೆಯ ಎನ್ನುವ ವ್ಯಕ್ತಿವಾದಿ ಅರಾಜಕತಾವಾದದ ಪತ್ರಿಕೆ. ಟಿವಿಯವರು ಗಲಾಟೆಗೆಲ್ಲ ಅಂಟಿಸುವ 'ಅರಾಜಕತೆ' ಅಲ್ಲ ಇದು. ಹೊಟ್ಟೆಪಾಡಿಗೆ ಆತ 'ಬೋಸ್ಟನ್ ಗ್ಲೋಬ್' ದಿನಪತ್ರಿಕೆಯಲ್ಲಿ ದುಡಿದ. ದುಡಿಮೆ ಬೇರೆಯವರ ಪತ್ರಿಕೆಗೆ, ಉಳಿದ ಹೊತ್ತು ತನ್ನದಕ್ಕೆ. ಈ ಲೆಕ್ಕವನ್ನು ನಮಗ್ಯಾರೂ ಬಿಡಿಸಿ ಹೇಳಬೇಕಿಲ್ಲ.

ಈಗ ಆ ಪುಟ್ಟ ಪತ್ರಿಕೆಯವನು ಮಾಡಿದ್ದನ್ನು ನೋಡಿ. 1882ರಲ್ಲಿ ವಾಲ್ಟ್ ವಿಟ್ಮನ್ನನ ಕವನ ಸಂಕಲನ ಅಶ್ಲೀಲವೆಂದು ಬೋಸ್ಟನ್ನಿನ ಅಧಿಕಾರಿಗಳು ಗದರಿಸಿದಾಗ ಪ್ರಕಾಶಕರು ಕೈಬಿಟ್ಟರು. ಟಕರ್ ಜಾಹೀರಾತು ಕೊಟ್ಟು ಅದನ್ನು ಮಾರಿದ. ಮ್ಯಾಕ್ಸ್ ಸ್ಟಿರ್ನರ್ 1844ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಅಹಂವಾದದ ಮೂಲಗ್ರಂಥ ಇಂಗ್ಲಿಷಿಗೆ ಬಂದದ್ದು 1907ರಲ್ಲಿ. ಸ್ಟೀವನ್ ಬೈಯಿಂಗ್ಟನ್ ಅನುವಾದ, ಟಕರ್ ಪ್ರಕಟಣೆ. ಅರವತ್ತು ವರ್ಷ ಇಂಗ್ಲಿಷಿಗೆ ಬರದೇ ಉಳಿದಿದ್ದ ಪುಸ್ತಕ ಅದು. ಅದಕ್ಕೂ ಮೊದಲೇ, 1880ರ ದಶಕದಲ್ಲಿ, ಸ್ಟಿರ್ನರ್ ವಿಚಾರದ ಮೇಲೆ 'ಲಿಬರ್ಟಿ'ಯಲ್ಲಿ ಜೋರು ಜಗಳ ನಡೆದಿತ್ತು. ಎರಡೂ ಕಡೆಯವರಿಗೆ ಆತ ಜಾಗ ಕೊಟ್ಟ. ಮುನಿಸಿಕೊಂಡು ಹೋದವರಲ್ಲಿ ಪತ್ರಿಕೆಯ ಬರಹಗಾರರೇ ಇದ್ದರು. ಹೋಗಲಿ ಎಂದು ಬಾಯಿ ಮುಚ್ಚಿಸಲಿಲ್ಲ.

ಇಷ್ಟಾಗಿ, ಸರ್ಕಾರವೇ ಬೇಡ ಎನ್ನುವುದನ್ನು ನಾವು ಒಪ್ಪುವುದಿಲ್ಲ. ಸರ್ಕಾರಿ ಹಾಸ್ಟೆಲಿನಲ್ಲಿ ಉಂಡು, ಬಸ್‌ಪಾಸಿನಲ್ಲಿ ಓಡಾಡಿ ಡಿಪ್ಲೊಮಾ ಮುಗಿಸಿದವರು ನಾವು. ಆದರೆ ಒಪ್ಪದ ಮಾತೂ ಅಚ್ಚಾಗಬೇಕು ಎನ್ನುವುದನ್ನು ಒಪ್ಪುತ್ತೇವೆ. ಅದಕ್ಕೆ ಬೇಕಾದದ್ದು ಲಕ್ಷ ಪ್ರಸಾರವಲ್ಲ, ಯಾರ ಹಂಗೂ ಇಲ್ಲದ ಪುಟ.

ಟಕರ್ ಎಡವಿದ್ದೆಲ್ಲಿ ಎಂಬುದನ್ನೂ ಹೇಳಬೇಕು. 1908ರ ಜನವರಿಯಲ್ಲಿ ಬೆಂಕಿ ಬಿತ್ತು. ಪುಸ್ತಕಗಳು, ಅಚ್ಚಿನ ಫಲಕಗಳು ಸುಟ್ಟುಹೋದವು. ವಿಮೆ ಇರಲಿಲ್ಲ. ಏಪ್ರಿಲ್‌ನಲ್ಲಿ ಕೊನೆಯ ಸಂಚಿಕೆ ಬಂತು, ಆಮೇಲೆ ಆತ ಫ್ರಾನ್ಸಿಗೆ ಹೊರಟ. ಇಪ್ಪತ್ತಾರು ವರ್ಷದ ಕೆಲಸ ಒಬ್ಬನ ಹೆಗಲ ಮೇಲಿತ್ತು, ಅವನು ಕೈಚೆಲ್ಲಿದ ದಿನ ನಿಂತಿತು. ವಿಚಿತ್ರವೆಂದರೆ, 'ನಾನು' ಎಂಬುದನ್ನೇ ಎತ್ತಿಹಿಡಿದ ಸ್ಟಿರ್ನರ್ ಕೂಡ ತಮ್ಮ ತಮ್ಮ ಅಗತ್ಯಕ್ಕಾಗಿ ಜನ ಇಷ್ಟಪಟ್ಟು ಕೂಡುವ ಕೂಟದ ಬಗ್ಗೆ ಬರೆದಿದ್ದ. ಯಾರ ಅಡಿಯಾಳೂ ಆಗದಿರುವುದು ಬೇರೆ, ಒಂಟಿಯಾಗಿರುವುದು ಬೇರೆ. ನಾವು ಹತ್ತು ಜನ ಸೇರಿ ಬರೆಯುತ್ತಿರುವುದು ಅದಕ್ಕೇ.

ನಮಗೆ ಸುದ್ದಿಗೆ ಸಿಗುವ ಕಾಸು ಗೊತ್ತಲ್ಲ. ಹಬ್ಬ ಬಂದರೆ ಜಾಹೀರಾತಿನ ಟಾರ್ಗೆಟ್ ಬೇರೆ. ಯಾರ ಮರಳು ಲಾರಿಯ ಬಗ್ಗೆ ಬರೆಯಬೇಕೋ ಅವರ ಹತ್ತಿರವೇ ಶುಭಾಶಯದ ಜಾಹೀರಾತು ಕೇಳಲು ಹೋಗಬೇಕು. ಹಾಗೆ ಹೋಗಿ ಬಂದ ಮೇಲೆ ಸುದ್ದಿ ಬರೆಯುವ ಕೈ ಏಳುವುದಿಲ್ಲ. ನಮ್ಮ ಕೈಯೂ ಎದ್ದಿಲ್ಲ, ಒಪ್ಪಿಕೊಳ್ಳುತ್ತೇವೆ.

ಆದ್ದರಿಂದ ಗೆಳೆಯರೇ, ಎಷ್ಟು ಜನ ಓದುತ್ತಾರೆ ಎಂದು ಇನ್ನೊಮ್ಮೆ ಕೇಳಿದರೆ ನಮ್ಮದೂ ಒಂದು ಪ್ರಶ್ನೆ ಇದೆ: ಲಕ್ಷ ಜನ ಓದುವ ನಿಮ್ಮ ಪತ್ರಿಕೆಗೆ ಈ ವರ್ಷ ನೀವು ಕಳಿಸದೇ ಉಳಿಸಿಕೊಂಡ ಸುದ್ದಿಗಳೆಷ್ಟು?